ವ್ಯಾಪಾರಿಯ ಉಯಿಲಿನಿಂದ ವಿಶ್ವವಿದ್ಯಾಲಯದವರೆಗೆ

(ಸಂಘದ ವಾರ್ಷಿಕ ವಿದ್ಯಾರ್ಥಿ-ಪೋಷಕರ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೆಲವು ತಿಂಗಳ ಹಿಂದೆ ನಮ್ಮೂರಿನ ತಂದೆಯೊಬ್ಬರು ಮಗನನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ಹುಡುಗನಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಪ್ರವೇಶದ ಪತ್ರ ಬಂದಿತ್ತು. ಆ ತಂದೆ ಕೇಳಿದ ಮೊದಲ ಪ್ರಶ್ನೆ ಇದು: "ಮಾಸ್ಟ್ರೇ, ಇದು ಜಗತ್ತಿನಲ್ಲಿ ಎಷ್ಟನೇ ನಂಬರಿನ ಯೂನಿವರ್ಸಿಟಿ?"

ಅದೇ ವಾರ ನಮ್ಮ ಸಂಘದ ಸಭೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಹತ್ತನೇ ತರಗತಿಗೆ ಓದು ನಿಲ್ಲಿಸಿ ಅಂಗಡಿ, ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರಿಗಾಗಿ ನಾವು ಸಂಜೆ ತರಗತಿ ನಡೆಸುತ್ತಿದ್ದೇವೆ. ಬರುವವರ ಸಂಖ್ಯೆ ಕಡಿಮೆಯಾಗಿದೆ. "ಆರೇಳು ಮಕ್ಕಳಿಗಾಗಿ ಇಷ್ಟು ಖರ್ಚು ಏಕೆ? ನಿಲ್ಲಿಸಿಬಿಡೋಣ" ಎಂದು ಕೆಲವರು ಹೇಳಿದರು. ಅವರ ಮಾತಿನಲ್ಲೂ ಲೆಕ್ಕವಿತ್ತು, ತಪ್ಪಿಲ್ಲ.

ಈ ಎರಡು ಪ್ರಶ್ನೆಗಳಿಗೂ ಸಂಬಂಧವಿದೆ ಎಂದು ನನಗೆ ಆಗ ಹೊಳೆಯಲಿಲ್ಲ. ಆ ತಂದೆಗೆ ಸರಿಯಾದ ಉತ್ತರ ಕೊಡಬೇಕೆಂದು ಆ ವಿಶ್ವವಿದ್ಯಾಲಯದ ಚರಿತ್ರೆಯನ್ನು ಓದಲು ಕುಳಿತಾಗ ಅರ್ಥವಾಯಿತು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಶಬ್ದದ ವಿಚಾರ. ಇಂಗ್ಲೆಂಡಿನಲ್ಲಿ 'ಪಬ್ಲಿಕ್ ಸ್ಕೂಲ್' ಎಂದರೆ ಶ್ರೀಮಂತರ ಮಕ್ಕಳ ಖಾಸಗಿ ಶಾಲೆ. ಆದರೆ 'ಪಬ್ಲಿಕ್ ಯೂನಿವರ್ಸಿಟಿ' ಎಂದರೆ ನಿಜವಾಗಿಯೂ ಸಾರ್ವಜನಿಕ ವಿಶ್ವವಿದ್ಯಾಲಯ. ಅದಕ್ಕೆ ಮಾಲೀಕರಿಲ್ಲ, ಲಾಭ ಹಂಚಿಕೊಳ್ಳುವವರಿಲ್ಲ. ಸರ್ಕಾರದ ಅನುದಾನವೂ ಸಂಶೋಧನೆಯ ಹಣವೂ ಬರುತ್ತದೆ, ಆದರೆ ಅದು ಸರ್ಕಾರದ ಇಲಾಖೆಯಲ್ಲ. ರಾಜಶಾಸನದ ಮೂಲಕ ಸ್ಥಾಪಿತವಾಗಿ ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುತ್ತದೆ. ಸಂಶೋಧನೆಗೆ ಹೆಸರಾದ ಇಂತಹ 24 ವಿಶ್ವವಿದ್ಯಾಲಯಗಳು ಸೇರಿ ಅಲ್ಲಿ 'ರಸೆಲ್ ಗ್ರೂಪ್' ಎಂಬ ಕೂಟವಿದೆ. ಮ್ಯಾಂಚೆಸ್ಟರ್ ಅದರಲ್ಲೊಂದು. ಇಂದು ಅಲ್ಲಿ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಅಲ್ಲಿ ಕಲಿತವರು ಮತ್ತು ಕಲಿಸಿದವರ ಪೈಕಿ 25ಕ್ಕೂ ಹೆಚ್ಚು ಮಂದಿಗೆ ನೊಬೆಲ್ ಪಾರಿತೋಷಕ ಬಂದಿದೆ.

ಇದು ಮರದ ತುದಿಯ ಹಣ್ಣು. ಬೇರನ್ನು ನೋಡೋಣ.

1824ರಲ್ಲಿ ಮ್ಯಾಂಚೆಸ್ಟರಿನಲ್ಲಿ ವಿಶ್ವವಿದ್ಯಾಲಯವಿರಲಿಲ್ಲ. ಇದ್ದದ್ದು ಹತ್ತಿ ಗಿರಣಿಗಳು, ಹೊಗೆ ಮತ್ತು ದಿನವಿಡೀ ದುಡಿಯುವ ಕಾರ್ಮಿಕರು. ಊರಿನ ಕೆಲವು ವ್ಯಾಪಾರಿಗಳೂ ಯಂತ್ರಗಳನ್ನು ತಯಾರಿಸುವವರೂ ಒಂದು ಹೋಟೆಲಿನಲ್ಲಿ ಸಭೆ ಸೇರಿ 'ಮೆಕ್ಯಾನಿಕ್ಸ್ ಇನ್ಸ್ಟಿಟ್ಯೂಷನ್' ಎಂಬ ಸಂಸ್ಥೆಯನ್ನು ಕಟ್ಟಿದರು. ಹಗಲು ಯಂತ್ರದ ಮುಂದೆ ನಿಲ್ಲುವ ಕೆಲಸಗಾರನಿಗೆ ಆ ಯಂತ್ರದ ಹಿಂದಿರುವ ವಿಜ್ಞಾನವನ್ನೂ ಗಣಿತವನ್ನೂ ಕಲಿಸಬೇಕು ಎಂಬುದು ಉದ್ದೇಶ. ಬ್ಯಾಂಕ್ ಉದ್ಯಮಿ ಬೆಂಜಮಿನ್ ಹೇವುಡ್ ಅದರ ಮುಂದಾಳು. ಪರಮಾಣು ಸಿದ್ಧಾಂತಕ್ಕೆ ಹೆಸರಾದ ಜಾನ್ ಡಾಲ್ಟನ್ ಕೂಡ ಅವರ ಜೊತೆಗಿದ್ದರು. ಡಾಲ್ಟನ್ ಯಾರ ಮಗ ಗೊತ್ತೇ? ಒಬ್ಬ ನೇಕಾರನ ಮಗ.

ಡಾಲ್ಟನ್ ಕ್ವೇಕರ್ ಎಂಬ ಪಂಗಡಕ್ಕೆ ಸೇರಿದವರು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಆ ಕಾಲದಲ್ಲಿ ಆಕ್ಸ್‌ಫರ್ಡಿಗೆ ಸೇರಬೇಕಾದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನ ನಂಬಿಕೆಗಳಿಗೆ ಒಪ್ಪಿಗೆಯ ಸಹಿ ಹಾಕಬೇಕಿತ್ತು. ಕೇಂಬ್ರಿಜಿನಲ್ಲಿ ಓದಬಹುದಿತ್ತು, ಆದರೆ ಪದವಿ ಪಡೆಯುವಾಗ ಅದೇ ಷರತ್ತು. ಕ್ಯಾಥೋಲಿಕರು, ಯಹೂದಿಗಳು, ಕ್ವೇಕರರು, ಇತರ ಸಣ್ಣ ಪಂಗಡದವರು ಎಷ್ಟೇ ಬುದ್ಧಿವಂತರಾದರೂ ಹೊರಗೇ ನಿಲ್ಲಬೇಕಿತ್ತು. ಈ ಷರತ್ತುಗಳು ಕಾನೂನಿನ ಮೂಲಕ ಬಹುಮಟ್ಟಿಗೆ ರದ್ದಾದದ್ದು 1871ರಲ್ಲಿ.

ಈಗ ನಮ್ಮ ಕಥೆಯ ವ್ಯಾಪಾರಿ ಬರುತ್ತಾನೆ. ಅವನ ಹೆಸರು ಜಾನ್ ಓವೆನ್ಸ್. 1790ರಲ್ಲಿ ಮ್ಯಾಂಚೆಸ್ಟರಿನಲ್ಲೇ ಹುಟ್ಟಿದವನು. ತಂದೆಯ ಜೊತೆ ಬಟ್ಟೆಯ ವ್ಯಾಪಾರ ಮಾಡಿ ಚೀನಾ, ಭಾರತ, ಅಮೆರಿಕಗಳಿಗೆ ಸರಕು ಕಳಿಸಿದವನು. ಮದುವೆಯಾಗಲಿಲ್ಲ. ತನ್ನ ಆಸ್ತಿಯನ್ನು ಗೆಳೆಯ ಜಾರ್ಜ್ ಫಾಕ್ನರನಿಗೆ ಕೊಡಬೇಕೆಂದಿದ್ದನಂತೆ. ಆ ಗೆಳೆಯ ತನಗೆ ಸಾಕಷ್ಟಿದೆ, ಈ ಹಣದಲ್ಲಿ ಧರ್ಮದ ಷರತ್ತಿಲ್ಲದ ಒಂದು ಕಾಲೇಜು ಮಾಡು ಎಂದು ಸಲಹೆ ಕೊಟ್ಟನೆಂದು ಮ್ಯಾಂಚೆಸ್ಟರಿನಲ್ಲಿ ಇಂದಿಗೂ ಹೇಳುತ್ತಾರೆ. 1846ರಲ್ಲಿ ಓವೆನ್ಸ್ ತೀರಿಕೊಂಡಾಗ ಸುಮಾರು 96 ಸಾವಿರ ಪೌಂಡುಗಳನ್ನು ಕಾಲೇಜಿಗೆಂದು ಬರೆದಿಟ್ಟಿದ್ದನು. ವಿದ್ಯಾರ್ಥಿಯಾಗಲಿ, ಪ್ರಾಧ್ಯಾಪಕನಾಗಲಿ, ಯಾರ ಧಾರ್ಮಿಕ ನಂಬಿಕೆಯನ್ನೂ ಪರೀಕ್ಷಿಸಕೂಡದು ಎಂಬುದು ಉಯಿಲಿನ ಷರತ್ತು.

ಸ್ನೇಹಿತರೇ, ಈ ಹಣದ ಬಗ್ಗೆ ಒಂದು ಮಾತನ್ನು ಮುಚ್ಚಿಡಬಾರದು. ಮ್ಯಾಂಚೆಸ್ಟರಿನ ಸಂಪತ್ತು ಹತ್ತಿಯಿಂದ ಬಂದದ್ದು. ಆ ಹತ್ತಿಯ ಬಹುಪಾಲನ್ನು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರು ಬೆಳೆಯುತ್ತಿದ್ದರು. ಆ ಊರಿನ ಗಿರಣಿ ಬಟ್ಟೆ ನಮ್ಮ ದೇಶದ ಮಗ್ಗಗಳನ್ನು ಮೂಲೆಗೆ ತಳ್ಳಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ಬರುವುದು ನಿಂತಾಗ ಆ ಗಿರಣಿಗಳ ಕಣ್ಣು ನಮ್ಮ ಧಾರವಾಡ ಸೀಮೆಯ ಕಡೆ ತಿರುಗಿತು. ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿದ್ದ ಆ ಹತ್ತಿಗೆ ವ್ಯಾಪಾರದಲ್ಲಿ 'ಕುಮಟಾ' ಎಂದೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರಲ್ಲ, ಹತ್ತಿ ಸಾಗಿಸಲು ಕಾರವಾರದ ಬಂದರು ಬೇಕೆಂಬ ಒತ್ತಾಯವೂ ಅದರ ಹಿಂದಿತ್ತು. ಹಾಗಾಗಿ ಆ ವಿಶ್ವವಿದ್ಯಾಲಯದ ಚರಿತ್ರೆಯ ಒಂದು ಎಳೆ ನಮ್ಮ ಕರಾವಳಿಯನ್ನೂ ಹಾದುಹೋಗುತ್ತದೆ. ದೂರದ ದೊಡ್ಡ ಕಟ್ಟಡವನ್ನು ನೋಡಿ ನಾವು ತಲೆ ಬಾಗಿಸಬೇಕಿಲ್ಲ. ಹಾಗೆಯೇ ಒಳ್ಳೆಯದನ್ನು ಕಲಿಯಲು ನಾಚಿಕೊಳ್ಳಬೇಕಾಗಿಯೂ ಇಲ್ಲ.

1851ರ ಮಾರ್ಚ್ 12ರಂದು ಕ್ವೇ ಸ್ಟ್ರೀಟ್ ಎಂಬ ಬೀದಿಯ ಒಂದು ಹಳೆಯ ಮನೆಯಲ್ಲಿ 'ಓವೆನ್ಸ್ ಕಾಲೇಜು' ಆರಂಭವಾಯಿತು. ಆಮೇಲೆ ಏನಾಯಿತು? ವಿದ್ಯಾರ್ಥಿಗಳು ಸಾಲುಗಟ್ಟಿ ನಿಂತರೇ? ಇಲ್ಲ. ಮಗನನ್ನು ಬೇಗ ಅಂಗಡಿಯ ಗಲ್ಲೆಯಲ್ಲಿ ಕೂರಿಸಬೇಕೆಂಬ ವ್ಯಾಪಾರಿಗಳ ಊರು ಅದು. ಆರು ವರ್ಷ ಕಳೆಯುವಷ್ಟರಲ್ಲಿ ವಿದ್ಯಾರ್ಥಿಗಳ ಸಂಖ್ಯೆ ನಲವತ್ತಕ್ಕೂ ಕೆಳಗಿಳಿದಿತ್ತು. ಈ ಕಾಲೇಜು ಸೋತಿತೆಂದು ಊರಿನ ಪತ್ರಿಕೆಯೇ ಬರೆಯಿತು.

1857ರಲ್ಲಿ ಅಲ್ಲಿಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಹೆನ್ರಿ ರಾಸ್ಕೋ ಎಂಬ ಯುವಕ ಬಂದರು. ಅವರೇ ಹೇಳಿಕೊಂಡಿರುವ ಪ್ರಸಂಗವಿದು. ಒಂದು ಸಂಜೆ ಕಾಲೇಜಿನ ಬಾಗಿಲಲ್ಲಿ ನಿಂತಿದ್ದಾಗ ಅಲೆಮಾರಿಯೊಬ್ಬ ಬಂದು, ನಿರ್ಗತಿಕರು ರಾತ್ರಿ ತಂಗುವ ಆಶ್ರಯಧಾಮ ಇದೇನಾ ಎಂದು ಕೇಳಿದನಂತೆ. ಈಗಲ್ಲ, ಆರು ತಿಂಗಳು ಬಿಟ್ಟು ಬಾ, ಆಗ ಆಗಿರಬಹುದು ಎಂದರಂತೆ ರಾಸ್ಕೋ. ಕಾಲೇಜಿನ ಸ್ಥಿತಿ ಹಾಗಿತ್ತು. ಆದರೆ ಅವರು ಬಿಟ್ಟು ಹೋಗಲಿಲ್ಲ. ಮೂರು ದಶಕಗಳ ಕಾಲ ಅಲ್ಲೇ ನಿಂತರು. ಪ್ರಯೋಗಾಲಯ ಕಟ್ಟಿದರು. ರಸಾಯನಶಾಸ್ತ್ರ ಕಲಿತರೆ ನಿಮ್ಮ ಬಣ್ಣದ ಕಾರ್ಖಾನೆಗೆ ಏನು ಲಾಭ ಎಂದು ಊರಿನವರಿಗೆ ತಿಳಿಸಿಕೊಟ್ಟರು. ಅಮೆರಿಕದ ಯುದ್ಧದಿಂದ ಗಿರಣಿಗಳು ಮುಚ್ಚಿ ಸಾವಿರಾರು ಕಾರ್ಮಿಕರು ಹಸಿದು ಕುಳಿತ 1862ರ ಚಳಿಗಾಲದಲ್ಲಿ ಅವರಿಗಾಗಿ ಸಂಜೆಯ ಉಪನ್ಯಾಸಗಳನ್ನು ಏರ್ಪಡಿಸಿದರು. ಮುಂದೆ ಅದು ಒಂದು ಪೆನ್ನಿ ಕೊಟ್ಟು ಯಾರು ಬೇಕಾದರೂ ಕೇಳಬಹುದಾದ ವಿಜ್ಞಾನ ಉಪನ್ಯಾಸಗಳ ಮಾಲೆಯಾಯಿತು.

ಈ ಕಾಲೇಜಿಗೆ 1870ರಲ್ಲಿ 14 ವರ್ಷದ ಒಬ್ಬ ಹುಡುಗ ಸೇರಿದ. ತಂದೆ ಪುಸ್ತಕದ ವ್ಯಾಪಾರಿ. ಹುಡುಗನನ್ನು ಎಂಜಿನಿಯರ್ ಮಾಡಬೇಕೆಂದಿದ್ದರು. ತಂದೆ ತೀರಿಕೊಂಡ ಮೇಲೆ ತರಬೇತಿಗೆ ಕಟ್ಟಬೇಕಾದ ದೊಡ್ಡ ಮೊತ್ತ ಮನೆಯಲ್ಲಿರಲಿಲ್ಲ. ಗಣಿತ, ಭೌತಶಾಸ್ತ್ರಗಳನ್ನೇ ಹಿಡಿದು, ವಿದ್ಯಾರ್ಥಿವೇತನ ಗಳಿಸಿ ಕೇಂಬ್ರಿಜಿಗೆ ಹೋದ. ಅವನೇ 1897ರಲ್ಲಿ ಎಲೆಕ್ಟ್ರಾನನ್ನು ಕಂಡುಹಿಡಿದ ಜೆ.ಜೆ. ಥಾಮ್ಸನ್. ಪತ್ರಿಕೆ ಬರೆದ ಮಾತು ಕೇಳಿ ಆ ಕಾಲೇಜನ್ನು ಮುಚ್ಚಿದ್ದರೆ ಆ ಹುಡುಗ ಎಲ್ಲಿಗೆ ಹೋಗುತ್ತಿದ್ದ? ಯೋಚಿಸಿ.

1873ರಲ್ಲಿ ಕಾಲೇಜು ಆಕ್ಸ್‌ಫರ್ಡ್ ರಸ್ತೆಯ ಹೊಸ ಕಟ್ಟಡಕ್ಕೆ ಬಂತು. ಅಲ್ಲಿಯವರೆಗೆ ಪದವಿ ಕೊಡುವ ಅಧಿಕಾರ ಇರಲಿಲ್ಲ, ವಿದ್ಯಾರ್ಥಿಗಳು ಲಂಡನ್ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯುತ್ತಿದ್ದರು. 1880ರಲ್ಲಿ 'ವಿಕ್ಟೋರಿಯಾ ವಿಶ್ವವಿದ್ಯಾಲಯ'ಕ್ಕೆ ರಾಜಶಾಸನ ಸಿಕ್ಕಿತು. 1884ರಲ್ಲಿ ಲಿವರ್‌ಪೂಲ್, 1887ರಲ್ಲಿ ಲೀಡ್ಸ್ ಕಾಲೇಜುಗಳು ಅದನ್ನು ಸೇರಿಕೊಂಡವು. 1903ರಿಂದ ಇವು ಬೇರೆ ಬೇರೆಯಾಗಿ ಸ್ವತಂತ್ರ ವಿಶ್ವವಿದ್ಯಾಲಯಗಳಾದವು. ಇವರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯ ನಮ್ಮ ಬೆಂಗಳೂರಿನಲ್ಲಿ ಶಾಖೆ ತೆರೆಯಲು 2025ರಲ್ಲಿ ಯುಜಿಸಿಯ ಸಮ್ಮತಿ ಪತ್ರ ಪಡೆದಿದೆ.

ಇಲ್ಲಿ ಕುಳಿತಿರುವ ಸೋದರಿಯರು ಕೇಳಬಹುದು: ಆ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿತ್ತೇ? ಇರಲಿಲ್ಲ. ಧರ್ಮದ ಗೋಡೆ ಕೆಡವಿದ ಓವೆನ್ಸನ ಉಯಿಲೇ ಈ ಕಾಲೇಜು ಗಂಡುಮಕ್ಕಳಿಗೆ ಎಂದಿತ್ತು. ಹೆಣ್ಣುಮಕ್ಕಳು 1883ರವರೆಗೆ ಕಾಯಬೇಕಾಯಿತು. 1906ರಲ್ಲಿ ಕ್ರಿಸ್ಟಾಬೆಲ್ ಪ್ಯಾಂಕ್‌ಹರ್ಸ್ಟ್ ಅಲ್ಲಿ ಕಾನೂನು ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪಡೆದರು. ಆದರೆ ಹೆಣ್ಣು ಎಂಬ ಕಾರಣಕ್ಕೆ ವಕೀಲಿ ಮಾಡುವಂತಿರಲಿಲ್ಲ. ಆ ಅಡ್ಡಿ ಹೋದದ್ದು 1919ರಲ್ಲಿ. ಒಳ್ಳೆಯ ದಾನಿಯೂ ಅರ್ಧ ಬಾಗಿಲನ್ನಷ್ಟೇ ತೆರೆದಿರಬಹುದು. ಉಳಿದರ್ಧವನ್ನು ತೆರೆಯುವುದು ಮುಂದಿನವರ ಹೊಣೆ.

ಇನ್ನು ಜಗತ್ತು ಆ ಊರಿನ ಕಡೆ ತಿರುಗಿ ನೋಡಿದ ಕಾಲ. 1907ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ ಬೆಳೆದ ಅರ್ನೆಸ್ಟ್ ರುದರ್‌ಫರ್ಡ್ ಅಲ್ಲಿಗೆ ಪ್ರಾಧ್ಯಾಪಕರಾಗಿ ಬಂದರು. ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿ, ಕೆಲವು ಹಿಂದಕ್ಕೆ ಚಿಮ್ಮುತ್ತವೆಯೇ ನೋಡು ಎಂದು ಒಬ್ಬ ವಿದ್ಯಾರ್ಥಿಗೆ ಕೆಲಸ ಕೊಟ್ಟರು. ಅರ್ನೆಸ್ಟ್ ಮಾರ್ಸ್‌ಡನ್ ಎಂಬ ಆ ಹುಡುಗನಿಗೆ ಆಗ ಇಪ್ಪತ್ತು ವರ್ಷ, ಇನ್ನೂ ಪದವಿ ಮುಗಿದಿರಲಿಲ್ಲ. ಗೈಗರ್ ಅವರೊಂದಿಗೆ ಅವನು ಮಾಡಿದ ಆ ಪ್ರಯೋಗದಿಂದಲೇ 1911ರಲ್ಲಿ ಪರಮಾಣುವಿಗೆ ಒಂದು ನ್ಯೂಕ್ಲಿಯಸ್ ಇದೆಯೆಂಬುದು ಜಗತ್ತಿಗೆ ತಿಳಿಯಿತು. ನೀವು ಪಿಯುಸಿ ಪುಸ್ತಕದಲ್ಲಿ ಓದುವ ಪಾಠ ಅದು.

1948ರ ಜೂನ್ 21ರಂದು ಅದೇ ವಿಶ್ವವಿದ್ಯಾಲಯದಲ್ಲಿ ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್ಬರ್ನ್ ಮತ್ತು ಜೆಫ್ ಟೂಟಿಲ್ ಕಟ್ಟಿದ ಯಂತ್ರವೊಂದು ತನ್ನ ನೆನಪಿನಲ್ಲೇ ಇಟ್ಟುಕೊಂಡ ಆದೇಶಗಳನ್ನು ಓದಿ ಲೆಕ್ಕ ಮಾಡಿತು. ಪ್ರೋಗ್ರಾಮನ್ನು ಎಲೆಕ್ಟ್ರಾನಿಕ್ ನೆನಪಿನಲ್ಲಿ ಇಟ್ಟು ನಡೆಸಿದ ಮೊದಲ ಕಂಪ್ಯೂಟರ್ ಅದು. ಕೋಣೆ ತುಂಬುವ ಯಂತ್ರ, ಆದರೆ ನೆನಪಿನ ಸಾಮರ್ಥ್ಯ ಬರೀ 1024 ಬಿಟ್. ಮೊದಲ ಪ್ರೋಗ್ರಾಮಿನಲ್ಲಿದ್ದದ್ದು 17 ಆದೇಶಗಳು. ಉತ್ತರ ಬರಲು 52 ನಿಮಿಷ ಹಿಡಿಯಿತು. ನಿಮ್ಮ ಜೇಬಿನಲ್ಲಿರುವ ಮೊಬೈಲ್ ಫೋನಿನ ಅಜ್ಜ ಅದು. ಕಂಪ್ಯೂಟರ್ ವಿಜ್ಞಾನದ ತಳಪಾಯ ಹಾಕಿದ ಅಲನ್ ಟ್ಯೂರಿಂಗ್ ಅದೇ ವರ್ಷ ಅಲ್ಲಿಗೆ ಬಂದರು.

ಅದೇ 1948ರಲ್ಲಿ ಇನ್ನೊಬ್ಬರು ಬಂದರು, ಆರ್ಥರ್ ಲೂಯಿಸ್. ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪದವರು. ಕರಿಯರೊಬ್ಬರು ಬ್ರಿಟನ್ನಿನಲ್ಲಿ ಪ್ರಾಧ್ಯಾಪಕ ಪೀಠಕ್ಕೇರುವುದು ಆಗ ಊಹೆಗೂ ದೂರವಾಗಿತ್ತು. ಮ್ಯಾಂಚೆಸ್ಟರ್ ಅವರನ್ನು ಅರ್ಥಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಕರೆಯಿತು. ಹಳ್ಳಿಯ ಹೊಲದಲ್ಲಿ ಅಗತ್ಯಕ್ಕಿಂತ ಹೆಚ್ಚು ಜನ ದುಡಿಯುವ ನಮ್ಮಂತಹ ಬಡ ದೇಶಗಳು ಉದ್ಯಮದ ಕಡೆ ಹೇಗೆ ಸಾಗುತ್ತವೆ ಎಂಬ ಅವರ ಪ್ರಸಿದ್ಧ ಲೇಖನ 1954ರಲ್ಲಿ ಅಲ್ಲಿಯ ಪತ್ರಿಕೆಯಲ್ಲೇ ಪ್ರಕಟವಾಯಿತು. 1979ರಲ್ಲಿ ಅವರಿಗೆ ನೊಬೆಲ್ ಬಂತು. ಊರಿನ ಕಪ್ಪು ವಲಸಿಗರು ಕೆಲಸ ಸಿಗದೆ ಕಷ್ಟಪಡುತ್ತಿದ್ದುದನ್ನು ಕಂಡ ಈ ಪ್ರಾಧ್ಯಾಪಕರು ಅವರಿಗಾಗಿ ಏನು ಮಾಡಿದರು ಗೊತ್ತೇ? ಸಂಜೆ ತರಗತಿಗಳ ಕೇಂದ್ರವೊಂದನ್ನು ಆರಂಭಿಸಲು ಮುಂದಾದರು!

ಈಗ ಆ ತಂದೆಯ ನಂಬರಿನ ಪ್ರಶ್ನೆಗೆ ಬರೋಣ. 1824ರ ಮೆಕ್ಯಾನಿಕ್ಸ್ ಸಂಸ್ಥೆ ಬೆಳೆದು 'ಯುಮಿಸ್ಟ್' ಎಂಬ ತಾಂತ್ರಿಕ ವಿಶ್ವವಿದ್ಯಾಲಯವಾಗಿತ್ತು. ಓವೆನ್ಸ್ ಕಾಲೇಜು ಬೆಳೆದು ಇನ್ನೊಂದು ವಿಶ್ವವಿದ್ಯಾಲಯವಾಗಿತ್ತು. 2004ರಲ್ಲಿ ಎರಡೂ ಒಂದಾದವು. 2015ರೊಳಗೆ ಜಗತ್ತಿನ ಮೊದಲ 25ರಲ್ಲಿ ಸ್ಥಾನ ಪಡೆಯುತ್ತೇವೆ ಎಂದು ಹೊಸ ವಿಶ್ವವಿದ್ಯಾಲಯ ಘೋಷಿಸಿತು. ನೊಬೆಲ್ ಪಡೆದ ಹಿರಿಯರನ್ನು ಹೊರಗಿನಿಂದ ಕರೆತಂದಿತು. ಚೀನಾದ ಶಾಂಘೈಯಲ್ಲಿ ತಯಾರಾಗುವ ಪಟ್ಟಿಯಲ್ಲಿ 2004ರಲ್ಲಿ 78ನೆಯದಾಗಿದ್ದದ್ದು 2015ರಲ್ಲಿ 41ನೆಯದಾಯಿತು. ಏರಿಕೆ ದೊಡ್ಡದೇ, ಆದರೆ 25 ತಲುಪಲಿಲ್ಲ.

ಆದರೆ ಇದನ್ನು ಗಮನಿಸಿ. 2004ರ ಅಕ್ಟೋಬರ್ 22ರಂದು ಹೊಸ ವಿಶ್ವವಿದ್ಯಾಲಯಕ್ಕೆ ರಾಜಶಾಸನ ಸಿಕ್ಕಿತು. ಅದೇ ದಿನಾಂಕದ 'ಸೈನ್ಸ್' ಪತ್ರಿಕೆಯಲ್ಲಿ ಅಲ್ಲಿಯ ವಿಜ್ಞಾನಿಗಳ ಒಂದು ಲೇಖನ ಪ್ರಕಟವಾಯಿತು. ರಷ್ಯಾದಿಂದ ಬಂದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೋವ್ ಶುಕ್ರವಾರ ಸಂಜೆಗಳಲ್ಲಿ, ಯಾವ ಯೋಜನೆಗೂ ಸೇರದ ವಿಚಿತ್ರ ಪ್ರಯೋಗಗಳನ್ನು ಮಾಡುತ್ತಿದ್ದರು. ನಾವು ಪೊಟ್ಟಣಕ್ಕೆ ಅಂಟಿಸುವಂತಹ ಟೇಪನ್ನು ಗ್ರಾಫೈಟಿಗೆ ಅಂಟಿಸಿ ಪದರ ಪದರವಾಗಿ ಕಿತ್ತು, ಒಂದೇ ಪರಮಾಣುವಿನಷ್ಟು ದಪ್ಪದ 'ಗ್ರಾಫೀನ್' ಪದರವನ್ನು ಬೇರ್ಪಡಿಸಿದರು. 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದು ಯಾವ ಗುರಿಪಟ್ಟಿಯಲ್ಲೂ ಬರೆದಿಟ್ಟಿರಲಿಲ್ಲ. ಹೊರಗಿನಿಂದ ಬಂದವರಿಗೆ ಜಾಗ ಕೊಟ್ಟು, ಸಂಜೆಯ ಹೊತ್ತಿನ ಕುತೂಹಲಕ್ಕೆ ಅಡ್ಡಿ ಮಾಡದ ಕಾರಣ ಬಂದದ್ದು.

ಕ್ಯೂಎಸ್ ಎಂಬ ಸಂಸ್ಥೆಯ 2025ರ ಪಟ್ಟಿಯಲ್ಲಿ ಮ್ಯಾಂಚೆಸ್ಟರಿಗೆ 34ನೇ ಸ್ಥಾನ. ಸಮಾಜಕ್ಕೆ ಮಾಡುವ ಉಪಕಾರವನ್ನು ಅಳೆಯುವ ಟೈಮ್ಸ್ ಹೈಯರ್ ಎಜುಕೇಷನ್ನಿನ ಇನ್ನೊಂದು ಪಟ್ಟಿಯಲ್ಲಿ 2021ರಲ್ಲಿ ಅದು ಜಗತ್ತಿಗೇ ಮೊದಲು. ಒಂದೇ ವಿಶ್ವವಿದ್ಯಾಲಯ, ಪಟ್ಟಿಗೊಂದು ನಂಬರ್. ಏಕೆಂದರೆ ಒಂದು ಪಟ್ಟಿ ನೊಬೆಲ್ ಎಣಿಸುತ್ತದೆ, ಇನ್ನೊಂದು ಪ್ರಾಧ್ಯಾಪಕರ ಮತ್ತು ಉದ್ಯೋಗದಾತರ ಅಭಿಪ್ರಾಯ ಕೇಳುತ್ತದೆ, ಮತ್ತೊಂದು ಸಮಾಜಸೇವೆ ನೋಡುತ್ತದೆ. ಹೀಗಿರುವಾಗ ನಂಬರ್ ಒಂದನ್ನೇ ನಂಬಿ ಮನೆಯ ಪತ್ರವನ್ನು ಬ್ಯಾಂಕಿನಲ್ಲಿ ಅಡವಿಡುವುದು ಬುದ್ಧಿವಂತಿಕೆಯೇ?

ವಿದ್ಯಾರ್ಥಿಗಳೇ, ಹೊರದೇಶಕ್ಕೆ ಹೋಗಲು ಬಯಸಿದರೆ ಹೋಗಿ. ಆದರೆ ನಾಲ್ಕು ಪ್ರಶ್ನೆ ಕೇಳಿ ಹೋಗಿ. ನಾನು ಓದುವ ವಿಭಾಗ ಹೇಗಿದೆ? ಕಲಿಸುವವರು ಯಾರು? ಹೊರದೇಶದ ವಿದ್ಯಾರ್ಥಿಗೆ ಒಟ್ಟು ಖರ್ಚು ಎಷ್ಟು, ವಿದ್ಯಾರ್ಥಿವೇತನ ಎಷ್ಟು? ಓದಿ ಮುಗಿಸಿದ ಮೇಲೆ ವೀಸಾ ನಿಯಮ ಏನು? ಅಲ್ಲಿಯ ಮಕ್ಕಳಿಗಿಂತ ನಮ್ಮ ಮಕ್ಕಳು ಬಹಳ ಹೆಚ್ಚು ಶುಲ್ಕ ಕೊಡುತ್ತಾರೆ, ಅಲ್ಲಿಯ ವಿಶ್ವವಿದ್ಯಾಲಯಗಳ ಆದಾಯದ ದೊಡ್ಡ ಪಾಲು ಇದೇ ಎಂಬುದನ್ನು ಮರೆಯಬೇಡಿ. ಕೊಲ್ಲಿಯಲ್ಲಿ ದುಡಿಯುವ ನಮ್ಮ ಯುವಕರಿಗೂ ಒಂದು ಮಾತು. ಈ ವಿಶ್ವವಿದ್ಯಾಲಯ 2006ರಲ್ಲಿ ದುಬೈಯಲ್ಲೂ ಕೇಂದ್ರ ತೆರೆದು, ಕೆಲಸ ಬಿಡದೆ ಓದುವವರಿಗೆ ಎಂಬಿಎ ಕಲಿಸಲು ತೊಡಗಿತು. ಹಗಲು ದುಡಿದು ಸಂಜೆ ಕಲಿಯುವ 1824ರ ಆ ಹಳೆಯ ಪದ್ಧತಿಯೇ ಇದು.

ಆ ತಂದೆಗೆ ನಾನು ಕೊಟ್ಟ ಉತ್ತರ ಇಷ್ಟು: "ನಂಬರ್ ಒಳ್ಳೆಯದೇ ಇದೆ. ಆದರೆ ಆ ನಂಬರ್ ನಿಮ್ಮ ಮಗನಿಗೆ ತಾನಾಗಿ ಅಂಟಿಕೊಳ್ಳುವುದಿಲ್ಲ. ಅಲ್ಲಿಯ ಪ್ರಯೋಗಾಲಯ, ಗ್ರಂಥಾಲಯಗಳಲ್ಲಿ ಅವನು ಎಷ್ಟು ಹೊತ್ತು ಕೂರುತ್ತಾನೆ ಎಂಬುದು ಮುಖ್ಯ." ಹುಡುಗ ನಕ್ಕ. ತಂದೆ ಮಾತ್ರ ಯೋಚನೆಗೆ ಬಿದ್ದರು.

ಕೊನೆಯದಾಗಿ ನಮ್ಮ ಸಂಘದ ಹಿರಿಯರಿಗೆ ಒಂದು ವಿನಂತಿ. ಮೊನ್ನೆ ಹಾಜರಿ ಪುಸ್ತಕ ತೆರೆದು ನೋಡಿದೆ. ಏಳು ಹೆಸರುಗಳಿದ್ದವು. ಒಬ್ಬ ಮೀನಿನ ಲಾರಿಯಲ್ಲಿ ದುಡಿಯುತ್ತಾನೆ, ಇಬ್ಬರು ಗ್ಯಾರೇಜಿನವರು, ಒಬ್ಬಳು ಹೊಲಿಗೆ ಮಾಡಿ ತಾಯಿಯನ್ನು ಸಾಕುತ್ತಾಳೆ. ಇವರಲ್ಲಿ ಥಾಮ್ಸನ್ ಇದ್ದಾನೆಯೇ? ನನಗೆ ತಿಳಿಯದು. 1857ರಲ್ಲಿ ಕ್ವೇ ಸ್ಟ್ರೀಟಿನ ಆ ಮನೆಯಲ್ಲಿ ಕುಳಿತವರಿಗೂ ತಿಳಿದಿರಲಿಲ್ಲ. ಅವರು ದೀಪ ಆರಿಸಲಿಲ್ಲ, ಅಷ್ಟೇ. ಸಂಖ್ಯೆ ಕಡಿಮೆಯಾದರೆ ತರಗತಿಯ ಸಮಯ ಬದಲಿಸೋಣ, ಗ್ಯಾರೇಜಿನ ಮಾಲೀಕರೊಂದಿಗೆ ಮಾತಾಡೋಣ, ಕಲಿಸುವ ಪಾಠ ಅವರ ದುಡಿಮೆಗೆ ಉಪಯೋಗವಾಗುವಂತೆ ಮಾಡೋಣ. ರಾಸ್ಕೋ ಮಾಡಿದ್ದೂ ಅದನ್ನೇ. ಮುಂದಿನ ವಾರದಿಂದ ಎರಡು ದಿನ ಗಣಿತ ಕಲಿಸಲು ನಾನು ಬರುತ್ತೇನೆ. ಉಳಿದ ದಿನಗಳಿಗೆ ಈ ಸಭೆಯಿಂದ ಇನ್ನಿಬ್ಬರು ಮುಂದೆ ಬಂದರೆ ಸಾಕು.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಧ್ಯೇಯವಾಕ್ಯದಲ್ಲಿ ಮೂರು ಶಬ್ದಗಳಿವೆ: ಜ್ಞಾನ, ವಿವೇಕ, ಮಾನವೀಯತೆ. ನಂಬರ್ ಎಂಬ ಶಬ್ದ ಅದರಲ್ಲಿಲ್ಲ. ನಮ್ಮ ಮಕ್ಕಳಿಗೆ ಈ ಮೂರೂ ದೊರೆಯಲಿ ಎಂದು ಹಾರೈಸುತ್ತೇನೆ.